ದವಡೆ ಹೇಳಿದ್ದು, ನಿಮ್ಮಪ್ಪ ಹೇಳಿದ್ದು

ತಂಗಿ,

ಮೊನ್ನೆ ನಿಮ್ಮಪ್ಪನನ್ನು ಕರೆದುಕೊಂಡು ಮನೆಗೆ ಬಂದಿದ್ದೆಯಲ್ಲ, ಆವತ್ತು ಅವರು ಚಹಾ ಬಸಿಗೆ ಸುರಿದುಕೊಳ್ಳುತ್ತ ಕೇಳಿದ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ. "ಎಲುಬು ನೋಡೂ ಕೆಲಸಕ್ಕ ಪಗಾರ ಯಾರು ಕೊಡ್ತಾರ್ರೀ ಅಕ್ಕಾರ?" ನೀನು ತಲೆ ತಗ್ಗಿಸಿದೆ. ನಾನು ನಕ್ಕು ಮಾತು ಹಾರಿಸಿಬಿಟ್ಟೆ. ತಪ್ಪು ನನ್ನದು. ಹತ್ತು ವರ್ಷದ ಓದಿಗೆ ಮಗಳನ್ನು ಕಳಿಸುವ ತಂದೆ ಮೊದಲು ಕೇಳಬೇಕಾದದ್ದೇ ಅದು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ನೀನು ಓದು, ಅವರಿಗೂ ಓದಿ ಹೇಳು.

ಪಗಾರದ ಮಾತು ಮೊದಲು ಮುಗಿಸುತ್ತೇನೆ. ಕೊಡುವವರು ಬಹಳ ಕಡಿಮೆ. ಉತ್ಖನನದಲ್ಲಿ ಸಿಕ್ಕ ಪ್ರಾಣಿಗಳ ಎಲುಬನ್ನು ಕೂತು ಓದುವ ಪ್ರಯೋಗಾಲಯ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಪುಣೆಯ ಡೆಕ್ಕನ್ ಕಾಲೇಜು. ಧಾರವಾಡದಲ್ಲಿ ಪುರಾತತ್ವ ಓದಬಹುದು, ಅಗೆಯುವುದನ್ನು ಚೆನ್ನಾಗಿ ಕಲಿಯಬಹುದು. ಎಲುಬಿಗೆ ಮಾತ್ರ ಪುಣೆಗೋ ಅದಕ್ಕಿಂತ ದೂರಕ್ಕೋ ಹೋಗಬೇಕು. ನೆಟ್ ಬರೆದು ಜೆಆರ್‌ಎಫ್ ಸಿಕ್ಕರೆ ಕೆಲವು ವರ್ಷ ಊಟಕ್ಕೆ ತೊಂದರೆಯಿಲ್ಲ. ಆಮೇಲಿನದು ಕಷ್ಟ. ಹುದ್ದೆ ಕರೆಯುವಾಗ ಇತಿಹಾಸ ಅಂತಲೋ ಪುರಾತತ್ವ ಅಂತಲೋ ಕರೆಯುತ್ತಾರೆ, ಎಲುಬು ಬಲ್ಲವರು ಬೇಕು ಅಂತ ಜಾಹೀರಾತು ಕೊಟ್ಟದ್ದನ್ನು ನಾನಂತೂ ನೋಡಿಲ್ಲ. ಹಾಗಾಗಿ ಶಾಸನ, ನಾಣ್ಯ, ದೇವಾಲಯಗಳ ಪಾಠ ಮಾಡಲಿಕ್ಕೂ ಬರಬೇಕು. ನಾನು ಕೆಲಸದಲ್ಲಿದ್ದ ಇಪ್ಪತ್ತೆಂಟು ವರ್ಷವೂ ಮಕ್ಕಳಿಗೆ ಚಾಲುಕ್ಯರು, ರಾಷ್ಟ್ರಕೂಟರು ಅಂತ ಹೇಳಿ, ಎಲುಬಿನ ಕೆಲಸವನ್ನು ಬೇಸಿಗೆ ರಜೆಗೆ ಇಟ್ಟುಕೊಂಡವಳು. ನಿಮ್ಮಪ್ಪನಿಗೆ ಇದನ್ನು ಮುಚ್ಚಿಡಬೇಡ.

ಇನ್ನು ನಿನ್ನ ಕೈಯಲ್ಲಿರುವ ಬಂಡವಾಳದ ಮಾತು. ಅದು ನಿನಗೇ ಗೊತ್ತಿಲ್ಲ ಅನ್ನಿಸಿತು.

ಅವತ್ತು ಹೊರಡುವ ಹೊತ್ತಿಗೆ ಕಪಾಟಿನಿಂದ ಒಂದು ಕುರಿಯ ಕೆಳದವಡೆ ತೆಗೆದು ನಿಮ್ಮಪ್ಪನ ಕೈಗೆ ಕೊಟ್ಟೆ, ನೆನಪಿದೆಯಾ? ಸಂತೆಯಲ್ಲಿ ಮಾಡುವ ಹಾಗೆ ಅವರು ಮೊದಲು ಮುಂದಿನ ಹಲ್ಲು ಹುಡುಕಿದರು. ಅವು ಎಂದೋ ಉದುರಿಹೋಗಿದ್ದವು. "ಮುಂದಿನ್ವು ಇಲ್ಲಲ್ರೀ, ಎರಡಲ್ಲೋ ನಾಕಲ್ಲೋ ಹ್ಯಾಂಗ ಹೇಳೂದು" ಅಂದರು. ಆಮೇಲೆ ಹೆಬ್ಬೆರಳಿಂದ ಹಿಂದಿನ ಹಲ್ಲುಗಳ ಮೇಲೆ ಒಮ್ಮೆ ಸವರಿ, "ಬಾಯಿಗೂಡಿ ಭಾಳ ದಿನ ಆಗೇದ. ಹೆಣ್ಣ ಇರಬೇಕು. ಗಂಡಿದ್ರ ಇಷ್ಟ ದಿನ ಯಾರ್ ಇಟ್ಕೋತಾರ?" ಅಂದರು.

ಆ ಎರಡು ಮಾತನ್ನು ಬಿಡಿಸಿ ನೋಡು. ಬಾಯಿಗೂಡಿ, ಅಂದರೆ ಹಲ್ಲೆಲ್ಲ ಬಂದು, ಬಹಳ ದಿನವಾಗಿದೆ ಅನ್ನುವುದು ಹಲ್ಲಿನ ಸವೆತದಲ್ಲಿದೆ, ಯಾರು ಬೇಕಾದರೂ ಬೆರಳಿಟ್ಟು ನೋಡಬಹುದು. ಹೆಣ್ಣು ಅನ್ನುವುದು ದವಡೆಯಲ್ಲಿ ಎಲ್ಲಿಯೂ ಇಲ್ಲ. ಅದು ನಿಮ್ಮಪ್ಪನ ಹಟ್ಟಿಯ ಲೆಕ್ಕ: ಗಂಡುಮರಿ ಬಲಿತ ಕೂಡಲೇ ಮಾರುವುದು, ಹೆಣ್ಣನ್ನು ಮರಿ ಹಾಕುವಷ್ಟು ಕಾಲ ಉಳಿಸಿಕೊಳ್ಳುವುದು. ಲೆಕ್ಕ ಬಹುಮಟ್ಟಿಗೆ ಸರಿ. ಆದರೆ ಅದನ್ನು ಹೇಳಿದ್ದು ದವಡೆಯಲ್ಲ, ನಿಮ್ಮಪ್ಪ. ಉಣ್ಣೆಗಾಗಿ ಬೀಜ ಒಡೆದ ಗಂಡನ್ನೂ ಮುದಿಯಾಗುವವರೆಗೆ ಇಟ್ಟುಕೊಳ್ಳುವ ಜನ ಇದ್ದಾರೆ.

ನಮ್ಮ ಶಾಸ್ತ್ರ ಇಷ್ಟೇ ಅಂತ ಹೇಳಿದರೆ ಪುಣೆಯಲ್ಲಿ ನಿನಗೆ ಸಿಗಲಿರುವ ಮೇಷ್ಟ್ರಿಗೆ ಸಿಟ್ಟು ಬಂದೀತು. ಆದರೂ ಹೇಳುತ್ತೇನೆ. 1973ರಲ್ಲಿ ಸೆಬಾಸ್ಟಿಯನ್ ಪೇನ್ ಎಂಬವರು ತುರ್ಕಿಯ ಅಶ್ವಾನ್ ಕಾಲೆ ಎಂಬ ದಿಬ್ಬದಲ್ಲಿ ಸಿಕ್ಕ ಕುರಿ, ಆಡುಗಳ ದವಡೆಗಳ ಮೇಲೆ ಒಂದು ಲೇಖನ ಬರೆದರು. ಹಿಂದಿನ ಹಲ್ಲುಗಳ ಸವೆತ ನೋಡಿ ದವಡೆಗಳನ್ನು ಒಂಬತ್ತು ಹಂತಕ್ಕೆ ವಿಂಗಡಿಸಿ, ಯಾವ ವಯಸ್ಸಿನಲ್ಲಿ ಎಷ್ಟು ಸತ್ತಿವೆ ಎಂದು ಎಣಿಸಿದರೆ ಆ ಮಂದಿ ಹಿಂಡು ಕಟ್ಟಿದ್ದು ಮಾಂಸಕ್ಕೋ ಹಾಲಿಗೋ ಉಣ್ಣೆಗೋ ಎಂದು ಊಹಿಸಬಹುದು ಅನ್ನುವುದು ಅದರ ತಿರುಳು. ಹಾಲಿಗಾದರೆ ಗಂಡುಮರಿಗಳು ಎಳವೆಯಲ್ಲೇ ಹೋಗುತ್ತವೆ; ಮಾಂಸಕ್ಕಾದರೆ ಮೈ ತುಂಬುವವರೆಗೆ ಕಾಯುತ್ತಾರೆ; ಉಣ್ಣೆಗಾದರೆ ಮುದಿ ದವಡೆಗಳು ಹೆಚ್ಚು ಸಿಗುತ್ತವೆ. ಇವತ್ತಿಗೂ ಲೋಕದ ಎಲ್ಲ ಕಡೆ ಈ ವಿಧಾನ ಬಳಕೆಯಲ್ಲಿದೆ. ನೀನು ಅದನ್ನು ಪುಸ್ತಕದಲ್ಲಿ ಓದುವ ದಿನ, ಇದು ನಮ್ಮ ಹಟ್ಟಿಯ ಮಾತಲ್ಲವೇ ಅನ್ನಿಸುತ್ತದೆ. ಆಗ ಸೊಕ್ಕು ಬರದಿರಲಿ, ಆದರೆ ಹಟ್ಟಿಯ ಮಾತನ್ನು ಮುಚ್ಚಿಟ್ಟುಕೊಳ್ಳಲೂಬೇಡ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅನ್ನುವ ಮಾತುಗಳನ್ನು ನಿನ್ನ ಟಿಪ್ಪಣಿಯಲ್ಲಿ ಹಾಗೆಯೇ ಬರೆದುಕೋ. ನನಗೆ ಆ ಭಾಗ್ಯ ಇರಲಿಲ್ಲ. ನಮ್ಮದು ಮಡಿ ಮನೆ. ಸಂಜೆ ನಾನು ಬಂದರೆ ಅವ್ವ ಹಿತ್ತಲ ಬಾಗಿಲಲ್ಲೇ ತಂಬಿಗೆ ನೀರು ಇಟ್ಟಿರುತ್ತಿದ್ದಳು. "ಸತ್ತದ್ದು ಮುಟ್ಟಿ ಬಂದಾಕಿ" ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ಕುರಿಯ ಮೊಣಕಾಲು ಯಾವ ಕಡೆ ಮಡಚುತ್ತದೆ ಅನ್ನುವುದನ್ನು ನಾನು ಕಲಿತದ್ದು ಇಪ್ಪತ್ಮೂರನೆಯ ವಯಸ್ಸಿಗೆ, ಮಾರುಕಟ್ಟೆಯ ಹಿಂದಿನ ಮಟನ್ ಅಂಗಡಿಯಲ್ಲಿ.

ಆ ಅಂಗಡಿಯ ಮುದುಕನಷ್ಟು ಒಳ್ಳೆಯ ಮೇಷ್ಟ್ರು ನನಗೆ ಸಿಗಲಿಲ್ಲ. ಎರಡು ಬೇಸಿಗೆ, ಬೆಳಗಿನ ಆರರಿಂದ ಎಂಟರವರೆಗೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದೆ. "ಹೊಸಬ ಎಲುಬಿನ ಮ್ಯಾಲೆ ಹೊಡೀತಾನ್ರಿ, ಹಳಬ ಕೀಲು ಹುಡುಕತಾನ" ಅಂತ ಅವನು ಹೇಳಿದ್ದು ನೂರಾರು ಪುಟದ ಪಾಠ. ಕೀಲಿನ ಸುತ್ತ ಕೂದಲೆಳೆಯಂಥ ಗೀರುಗಳು ಬಿದ್ದಿದ್ದರೆ ಅದು ಬಿಡಿಸಿದ ಗುರುತು. ಎಲುಬಿನ ನಡುಭಾಗದ ಉದ್ದಕ್ಕೂ ಗೀರುಗಳಿದ್ದರೆ ಮಾಂಸ ಹೆರೆದದ್ದು. ಕಲ್ಲಿನ ಚೂರಿಯ ಗೀರು ಬೇರೆ, ಕಬ್ಬಿಣದ್ದು ಬೇರೆ, ನಾಯಿ ಕಡಿದ ಗುಳಿ ಬೇರೆ, ಮುಳ್ಳುಹಂದಿ ಹೆರೆದ ಅಗಲ ಪಟ್ಟಿ ಬೇರೆ, ಬೇರು ಕೊರೆದ ಅಂಕುಡೊಂಕು ಗೆರೆ ಬೇರೆ. ಲೆನ್ಸ್ ಹಿಡಿದು ನೋಡಿ ಕಲಿಯುವುದು ಇದ್ದೇ ಇದೆ. ಆದರೆ ಚೂರಿ ಯಾಕೆ ಅಲ್ಲೇ ಹೋಯಿತು ಅನ್ನುವುದು ಲೆನ್ಸಿನಲ್ಲಿ ಕಾಣುವುದಿಲ್ಲ.

ಈಗ ನಮ್ಮ ನೆಲಕ್ಕೆ ಬರುತ್ತೇನೆ. ನೀನು ಬೂದಿದಿಬ್ಬಗಳ ಮೇಲೆ ಕೆಲಸ ಮಾಡಬೇಕು ಅಂದೆ. ಒಳ್ಳೆಯದು. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಯಲ್ಲೂ ಆಚೆ ಆಂಧ್ರ, ತೆಲಂಗಾಣದ ಅಂಚಿನಲ್ಲೂ ನೂರಕ್ಕೆ ಮೇಲ್ಪಟ್ಟು ಇವೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಅಂತ ಜನ ನಂಬುತ್ತಾರೆ. ಕುಡತಿನಿಯಲ್ಲಿ ಒಂದು ದೊಡ್ಡದಿದೆ. ಅದೇ ಊರಿನಲ್ಲಿ ಈಗ ಶಾಖೋತ್ಪನ್ನ ಸ್ಥಾವರ ಕೂತು ದಿನಾ ಹೊಸ ಬೂದಿ ಹೆರುತ್ತಿದೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಯಾವ ಬೂದಿ ಎಷ್ಟು ದಿನ ಉಳಿದೀತು ಅಂತ ನಾನು ಯೋಚಿಸುತ್ತಿರುತ್ತೇನೆ. ಹಳೆಯದನ್ನು ಗಾಡಿಗಟ್ಟಲೆ ಹೊತ್ತು ಹೊಲಕ್ಕೆ ಸುರಿದು ಮುಗಿಸಿದವರೂ ಇದ್ದಾರೆ.

ಹತ್ತೊಂಬತ್ತನೆಯ ಶತಮಾನದ ಸಾಹೇಬರು ಈ ದಿಬ್ಬಗಳನ್ನು ನೋಡಿ ಏನೇನೋ ಅಂದುಕೊಂಡರು. ಜ್ವಾಲಾಮುಖಿಯ ಕಿಟ್ಟ ಅಂದವರುಂಟು, ಕುಲುಮೆಯ ಕಸ ಅಂದವರುಂಟು. ದನದ ಸಗಣಿ ಸುಟ್ಟು ಆದದ್ದು ಎಂಬ ಮಾತಿಗೆ ಗಟ್ಟಿಯಾಗಿ ನಿಂತವರು ರಾಬರ್ಟ್ ಬ್ರೂಸ್ ಫೂಟ್. ಆಮೇಲೆ ಝೋಯ್ನರ್ ಎಂಬ ವಿಜ್ಞಾನಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದನ್ನೇ ಖಚಿತಪಡಿಸಿದರು. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಕಂಬ ನೆಟ್ಟ ಗುಳಿಗಳ ಬೇಲಿಸಾಲು, ಅದರೊಳಗೆ ಪದರ ಪದರವಾಗಿ ಸುಟ್ಟ ಸಗಣಿ, ಮತ್ತೆ ದನದ ಗೊರಸಿನ ಅಚ್ಚುಗಳು ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನಗಳು ಕೊಟ್ಟಿಗೆಯ ಕೆಸರಿನಲ್ಲಿ ತುಳಿದ ಗುರುತು, ತಂಗಿ! ಎಷ್ಟೋ ರಾಜರ ಹೆಸರು ಅಳಿಸಿಹೋಗಿದೆ, ಆ ಹೆಜ್ಜೆ ಉಳಿದಿದೆ.

ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದು ಯಾಕೆ? ಆಲ್ಚಿನ್ ಇದಕ್ಕೆ ನಮ್ಮ ಹಬ್ಬಗಳ ಕಡೆ ಬೊಟ್ಟು ಮಾಡಿದರು. ಸಂಕ್ರಾಂತಿಗೆ ಮೈಸೂರು ಸೀಮೆಯಲ್ಲಿ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅಂಥದ್ದರ ಬೇರು ಅಲ್ಲಿರಬಹುದು ಅನ್ನುವ ಊಹೆ. ಕೇಳಲಿಕ್ಕೆ ಬಹಳ ಸೊಗಸು, ನನಗೂ ಇಷ್ಟ. ಆದರೆ ಅದು ಆಲ್ಚಿನ್ ಹೇಳಿದ್ದು. ಬೂದಿ ಹೇಳಿದ್ದು ಸುಟ್ಟಿದೆ ಎಂದಷ್ಟೆ. ಉಣ್ಣಿಯ ಕಾಟಕ್ಕೆ, ನೊಣದ ಕಾಟಕ್ಕೆ, ರೋಗದ ಭಯಕ್ಕೆ ಸುಟ್ಟಿರಬಾರದೇ ಅಂತ ನಿಮ್ಮಪ್ಪ ಕೇಳಿದರೆ ಉತ್ತರ ಇಟ್ಟುಕೊಂಡಿರು.

ಸುರಪುರದ ಹತ್ತಿರ ಬೂದಿಹಾಳವನ್ನು ಕೆ. ಪದ್ದಯ್ಯನವರು ವರ್ಷಗಟ್ಟಲೆ ಅಗೆಸಿದರು. ಅಲ್ಲಿ ದನದ ದೊಡ್ಡಿ ಸಿಕ್ಕಿತು, ಪಕ್ಕದಲ್ಲಿ ಜನ ಇದ್ದ ಜಾಗ ಸಿಕ್ಕಿತು, ಪ್ರಾಣಿಗಳನ್ನು ಕೊಯ್ದು ಬಿಡಿಸಿದ ನೆಲವೂ ಸಿಕ್ಕಿತು, ಚೂರಿಯಂತೆ ಬಳಸಿದ ಕಲ್ಲಿನ ಚಕ್ಕೆಗಳ ಸಮೇತ. ಇದನ್ನು ನೀನು ಸಭೆಯಲ್ಲಿ ಹೇಳಿದ ದಿನ ಎದ್ದು ನಿಲ್ಲುವವರಿರುತ್ತಾರೆ. ಅದೇ ಕಾಲದ ಜನ ಕಪ್ಪಗಲ್ಲು ಎಂಬ ಊರಿನ ಬಂಡೆಗಳ ಮೇಲೆ ಉದ್ದ ಕೊಂಬಿನ, ಹಿಣಿಲೆತ್ತಿದ ಹೋರಿಗಳನ್ನು ಕುಟ್ಟಿ ಕೆತ್ತಿದರು, ಮಣ್ಣಿನಲ್ಲಿ ಪುಟ್ಟ ಬಸವಣ್ಣಗಳನ್ನು ಮಾಡಿದರು, ಅದೇ ದನವನ್ನು ಕೊಯ್ದರು. ಒಂದು ಕಡೆಯವರಿಗೆ ಮೊದಲಿನೆರಡು ಸಾಕು, ಇನ್ನೊಂದು ಕಡೆಯವರಿಗೆ ಕೊನೆಯದೊಂದೇ ಸಾಕು. ನಿನಗೆ ಮೂರೂ ಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಪೂಜಿಸಿ ಬೆಳೆದವಳು ನೀನು, ವರ್ಷವರ್ಷವೂ ಹಟ್ಟಿಯ ಟಗರು ಮಾರಿ ಫೀಸು ಕಟ್ಟಿದವಳೂ ನೀನೇ. ಪ್ರೀತಿ, ಲೆಕ್ಕ ಎರಡೂ ಒಂದೇ ಮನೆಯಲ್ಲಿ ಇರುತ್ತವೆ ಅಂತ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಭೆಗಳ ಮಾತು ಬಂತಲ್ಲ, ಕುದುರೆಯ ಕಥೆ ಹೇಳಿಬಿಡುತ್ತೇನೆ. ತುಂಗಭದ್ರೆಯ ದಂಡೆಯ ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದರು. ಅಲ್ಲಿನ ಎಲುಬು ನೋಡಿದವರು ಪಶುವೈದ್ಯರಾಗಿದ್ದ ಕೆ.ಆರ್. ಆಲೂರ. ಅದರಲ್ಲಿ ಕುದುರೆಯದ್ದಿದೆ ಅಂದರು. ಅಷ್ಟು ಹಳೆಯ ಪದರದಲ್ಲಿ ದಕ್ಷಿಣದಲ್ಲಿ ಕುದುರೆ ಅಂದ ಕೂಡಲೇ ಆರ್ಯರು ಬಂದರೋ ಇಲ್ಲೇ ಇದ್ದರೋ ಅನ್ನುವವರ ಜಗಳದ ನಡುವೆ ಆ ಎಲುಬಿನ ಚೂರು ಸಿಕ್ಕಿಕೊಂಡಿತು. ಕಚ್ಛದ ಸುರ್ಕೋಟಡಾದಲ್ಲೂ ಹೀಗೇ ಆಯಿತು. ಹಂಗೇರಿಯ ಶಾಂಡೋರ್ ಬೊಕೊನ್ಯಿ, ಈ ವಿದ್ಯೆಯ ದೊಡ್ಡ ಹೆಸರು, ಹಲ್ಲು ನೋಡಿ ಪಳಗಿದ ಕುದುರೆಯದೇ ಅಂದರು. ಅಷ್ಟೇ ದೊಡ್ಡ ಹೆಸರಿನ ರಿಚರ್ಡ್ ಮೆಡೋ, ಅಜಿತಾ ಪಟೇಲರ ಜೊತೆ 1997ರಲ್ಲಿ ಬರೆದು, ಇಷ್ಟರಿಂದ ಹಾಗೆ ಹೇಳಲಾಗದು ಅಂದರು. ಅಷ್ಟರಲ್ಲಿ ಬೊಕೊನ್ಯಿ ತೀರಿಕೊಂಡಿದ್ದರು. ಕಚ್ಛದ ರಣದಲ್ಲಿ ಕಾಡುಕತ್ತೆ ಇವತ್ತಿಗೂ ಓಡಾಡಿಕೊಂಡಿದೆ ಅನ್ನುವುದನ್ನು ಮರೆಯಬೇಡ. ಕುದುರೆ, ಕತ್ತೆ, ಕಾಡುಕತ್ತೆ ಈ ಮೂರರ ಒಡೆದ ಹಲ್ಲು, ಕಾಲ್ಬೆರಳಿನ ಎಲುಬು ಒಂದನ್ನೊಂದು ಎಷ್ಟು ಹೋಲುತ್ತವೆ ಅಂದರೆ, ಜೀವನವೆಲ್ಲ ಎಲುಬು ನೋಡಿದ ಇಬ್ಬರು ಒಂದೇ ಹಲ್ಲನ್ನು ಹಿಡಿದು ಎರಡು ಮಾತು ಹೇಳಿದರು. ಯಾರು ಸರಿ ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಒಂದು ಬಾರಿ ಟಿವಿಯವರು ಮೈಕು ಹಿಡಿದುಕೊಂಡೇ ಬಂದಿದ್ದರು. ನಾನು ಹೇಳಿದ್ದು: ಕುದುರೆ ಇತ್ತೋ ಇಲ್ಲವೋ ಅಂತ ತೀರ್ಮಾನ ಮಾಡಿಕೊಂಡು ಬಂದವರಿಗೆ ಎಲುಬು ಯಾಕೆ ಬೇಕು? ಅವರು ಅದನ್ನು ಹಾಕಲಿಲ್ಲ.

ನಾನೇನೂ ಇದರಲ್ಲಿ ಹೊರತಲ್ಲ. ನನ್ನ ಮೊದಲ ಲೇಖನದಲ್ಲಿ ಒಂದು ಮುರಿದ ಕಾಲೆಲುಬಿನ ಕೆಳತುದಿ ನೋಡಿ ಕೃಷ್ಣಮೃಗ ಅಂತ ಬರೆದೆ. ಬೇಟೆಯಾಡುತ್ತಿದ್ದರು ಅಂತ ಒಂದು ಪ್ಯಾರಾ ಸೇರಿಸಿದೆ. ಆಹಾ, ಆ ಪ್ಯಾರಾದ ಮೇಲೆ ನನಗೆ ಎಷ್ಟು ಮೋಹ! ಹಿರಿಯರೊಬ್ಬರು ಆ ಚೂರನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ನೀನು ಈವರೆಗೆ ಎಷ್ಟು ಕುರಿಯ ಕಾಲು ನೋಡಿದ್ದೀ?" ನಾಲ್ಕು ಅಂದೆ. "ನಾನೂರು ನೋಡಿ ಬಾ." ನೋಡಿದೆ. ನಾನೂರು ಆಗಲಿಲ್ಲ, ನೂರಿಪ್ಪತ್ತರ ಸುಮಾರಿಗೆ ನನ್ನ ಕೃಷ್ಣಮೃಗ ಕರಗಿತು. ಕುರಿ, ಆಡು, ಕೃಷ್ಣಮೃಗ ಯಾವುದೂ ಆಗಬಹುದಿತ್ತು. ತಿದ್ದುಪಡಿ ಅಚ್ಚಾಗುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು, ನನ್ನ ಬೇಟೆಗಾರರನ್ನು ಬೇರೆ ಇಬ್ಬರು ತಮ್ಮ ಲೇಖನಗಳಲ್ಲಿ ಸಾಕಿಕೊಂಡಿದ್ದರು.

ಆವತ್ತಿನಿಂದ ನನ್ನ ಮೇಜಿನ ಮೇಲೆ ಎಲ್ಲಕ್ಕಿಂತ ದೊಡ್ಡ ಟ್ರೇ ಗುರುತು ಹತ್ತದ ಎಲುಬಿನದು. ಯಾವ ಉತ್ಖನನದ ಚೀಲ ಸುರಿದರೂ ಅರ್ಧಕ್ಕಿಂತ ಹೆಚ್ಚು ಚೂರು ಅಲ್ಲಿಗೇ ಹೋಗುವುದು ಸಾಮಾನ್ಯ. ಅದನ್ನು ಎಸೆಯಬೇಡ, ತೂಕ ಮಾಡಿ ಬರೆದಿಡು. ಸುಟ್ಟಿದೆಯೋ ನೋಡು: ಕಂದು, ಕಪ್ಪು, ಬೂದು, ಕೊನೆಗೆ ಸುಣ್ಣದ ಬಿಳುಪು, ಹೀಗೆ ಬಿಸಿ ಏರಿದಂತೆ ಬಣ್ಣ ಬದಲಾಗುತ್ತದೆ. ಯಾವ ಪ್ರಾಣಿ ಅಂತ ಗೊತ್ತಾಗದಿದ್ದರೂ ಯಾವ ಬೆಂಕಿ ಅಂತ ಅಂದಾಜು ಸಿಗುತ್ತದೆ. ಈಗ ಎಲುಬಿನಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ತೆಗೆದು ಕುರಿಯೋ ಆಡೋ ಅಂತ ಯಂತ್ರದಲ್ಲಿ ಹೇಳುವ ವಿಧಾನ ಬಂದಿದೆ. ಹುಡುಗರು ಅದನ್ನೇ ಜಪಿಸುತ್ತಾರೆ. ಕಲಿ, ಬೇಡ ಅನ್ನುವುದಿಲ್ಲ. ಆದರೆ ಯುರೋಪಿನ ತಂಪು ಮಣ್ಣಲ್ಲಿ ಉಳಿಯುವ ಕೊಲಾಜೆನ್ ನಮ್ಮ ರಾಯಚೂರಿನ ಬಿಸಿಲಿಗೆ ಅಷ್ಟು ಸುಲಭಕ್ಕೆ ಉಳಿಯುವುದಿಲ್ಲ. ಯಂತ್ರ ಕೈಕೊಟ್ಟಾಗ ಕಣ್ಣು ಬೇಕು.

ಕಣ್ಣು ಪಳಗಬೇಕಾದರೆ ಗೊತ್ತಿರುವ ಪ್ರಾಣಿಯ ಪೂರ್ತಿ ಎಲುಬುಗೂಡು ಮನೆಯಲ್ಲಿರಬೇಕು. ಕಾಡುಪ್ರಾಣಿಯದಾದರೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ದಾರಿಯಲ್ಲಿ ಸತ್ತು ಬಿದ್ದದ್ದನ್ನೂ ಮುಟ್ಟಬೇಡ; 1972ರ ಕಾಯಿದೆ ಎಲುಬು, ಕೊಂಬಿಗೂ ಅನ್ವಯಿಸುತ್ತದೆ. ಕುರಿ, ಆಡು, ದನಕ್ಕೆ ಆ ತಾಪತ್ರಯವಿಲ್ಲ. ನಾನು ಮೊದಲ ಬಾರಿ ಒಂದು ಸತ್ತ ಕುರಿಯನ್ನು ಊರ ಹೊರಗಿನ ತಿಪ್ಪೆಯಲ್ಲಿ ಹೂತೆ. ತಿಪ್ಪೆಯ ಬಿಸಿಗೆ ಬೇಗ ಕಳಿಯಲಿ ಅಂತ. ಬಲೆಯಲ್ಲಿ ಸುತ್ತಬೇಕು, ಮೇಲೆ ಕಲ್ಲು ಹೇರಬೇಕು ಅಂತ ಯಾರೂ ಹೇಳಿರಲಿಲ್ಲ. ನಾಲ್ಕು ತಿಂಗಳು ಬಿಟ್ಟು ತೆಗೆದರೆ ಬಲ ಮುಂಗಾಲು ಇಡಿಯಾಗಿ ಇಲ್ಲ. ನಾಯಿ ಒಯ್ದಿತ್ತು. ಇವತ್ತಿಗೂ ಆ ಕುರಿ ನನ್ನ ಕಪಾಟಿನಲ್ಲಿ ಮೂರೇ ಕಾಲಲ್ಲಿದೆ, ಮಕ್ಕಳಿಗೆ ಅದನ್ನು ತೋರಿಸಿಯೇ ಪಾಠ ಶುರುಮಾಡುತ್ತಿದ್ದೆ: ನಾಲ್ಕು ಸಾವಿರ ವರ್ಷದ ಹಿಂದಿನ ಊರಲ್ಲೂ ನಾಯಿಗಳಿದ್ದವು, ನಿಮಗೆ ಸಿಕ್ಕದ್ದು ಅವು ಬಿಟ್ಟದ್ದು.

ಬಿಟ್ಟದ್ದರಲ್ಲೂ ಎಷ್ಟೋ ನಮ್ಮ ಕೈಯಿಂದಲೇ ಹೋಗುತ್ತದೆ. ಮಣ್ಣನ್ನು ಜರಡಿ ಹಿಡಿಸದೆ ಕಣ್ಣಿಗೆ ಬಿದ್ದದ್ದನ್ನಷ್ಟೇ ಆರಿಸಿದರೆ ದನ ಉಳಿಯುತ್ತದೆ, ಮೀನು, ಇಲಿ, ಹಕ್ಕಿ ಹೋಗುತ್ತವೆ. ಆಮೇಲೆ ಇವರು ಮೀನು ತಿನ್ನುತ್ತಿರಲಿಲ್ಲ ಅಂತ ಬರೆಯುತ್ತೇವೆ. ಅದಕ್ಕಿಂತ ನೋವಿನದು ಚೀಟಿಯ ಕಥೆ. ಒಂದು ಸಂಸ್ಥೆಯ ಉಗ್ರಾಣದಲ್ಲಿ ಹಳೆಯ ಉತ್ಖನನವೊಂದರ ಎಲುಬು ಗೋಣಿಚೀಲಗಳಲ್ಲಿತ್ತು. ಅನುಮತಿಗೆ ಎಂಟು ತಿಂಗಳು ಓಡಾಡಿದೆ. ಬಾಗಿಲು ತೆಗೆದಾಗ ಎಲುಬು ಒಂದೂ ಕೆಟ್ಟಿರಲಿಲ್ಲ, ಇನ್ನೂ ಟಣ್ ಅನ್ನುವಂತಿತ್ತು. ಚೀಟಿಗಳನ್ನು ಮಾತ್ರ ಗೆದ್ದಲು ತಿಂದು ಮುಗಿಸಿತ್ತು. ಯಾವ ಗುಂಡಿ, ಯಾವ ಪದರ, ಏನೂ ಇಲ್ಲ. ಮೂವತ್ತೆಂಟು ಚೀಲ. ನಾನು ಒಂದರ ಮೇಲೆ ಕೂತು ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ದನದ್ದು, ಕುರಿಯದ್ದು ಅಂತ ವಿಂಗಡಿಸಬಹುದಿತ್ತು. ಯಾವ ಕಾಲದ ಯಾವ ಮನೆಯವರದು ಅಂತ ಹೇಳುವ ದಾರಿ ಮುಚ್ಚಿತ್ತು. ಅದಕ್ಕೇ ಚೀಲದೊಳಗೊಂದು, ಹೊರಗೊಂದು ಚೀಟಿ, ಎರಡೂ ಪೆನ್ಸಿಲಿನಲ್ಲಿ, ಒಳಗಿನದು ಪ್ಲಾಸ್ಟಿಕ್ ಲಕೋಟೆಯಲ್ಲಿ. ದೊಡ್ಡ ಚೂರಿನ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ. ಇದನ್ನು ಸಹಾಯಕರ ಕೈಗೆ ಬಿಡಬೇಡ, ನೀನು ದೊಡ್ಡ ಪ್ರೊಫೆಸರ್ ಆದ ಮೇಲೂ.

ಪುಣೆಗೆ ಹೋಗಲು ಇನ್ನೂ ಎರಡು ತಿಂಗಳಿದೆ. ಸುಮ್ಮನೆ ಕೂರಬೇಡ. ಒಂದು ಉದ್ದನೆಯ ನೋಟ್‌ಬುಕ್ ತಗೋ, ಪ್ರತಿ ಹಾಳೆಯ ನಡುವೆ ಗೆರೆ ಎಳೆ. ಎಡಕ್ಕೆ ಎಲುಬು ಹೇಳಿದ್ದು, ಬಲಕ್ಕೆ ನಾವು ಹೇಳಿದ್ದು. ನಿಮ್ಮ ಹಟ್ಟಿಯಲ್ಲಿ ಈ ಮಳೆಗಾಲ ಸಾಯುವ ಕುರಿಗಳ ದವಡೆ ಬಿಡಿಸಿ ಇಡು. ಎಂದು ಹುಟ್ಟಿತು, ಗಂಡೋ ಹೆಣ್ಣೋ, ಎಷ್ಟು ಸೂಲು, ಎಲ್ಲಿ ಮೇದದ್ದು, ಯಾಕೆ ಸತ್ತಿತು ಅಂತ ನಿಮ್ಮಪ್ಪನನ್ನು ಕೇಳಿ ಅವರ ಮಾತಲ್ಲೇ ಬರೆ. ಹುಟ್ಟಿದ ದಿನ ಗೊತ್ತಿರುವ ಹತ್ತು ದವಡೆ ನಿನ್ನ ಹತ್ತಿರವಿದ್ದರೆ ಪುಣೆಯಲ್ಲಿ ಕೇಳುವವರು ಬಹಳ ಜನ ಇರುತ್ತಾರೆ. ಮೊದಲನೆಯದನ್ನು ನನಗೆ ತಂದು ತೋರಿಸು. ಬರುವಾಗ ಚೀಲದ ಬಾಯಿ ಬಿಗಿಯಾಗಿ ಕಟ್ಟಿಕೊಂಡು ಬಾ, ನಮ್ಮ ಓಣಿಯ ನಾಯಿಗಳು ಇನ್ನೂ ಹಾಗೇ ಇವೆ.